4 ಬೈಟ್ ಗುರುತು ತಿಂದು ಹಾಕಿದ ಫ್ಲ್ಯಾಶ್ ಚಿಪ್: ಒಂದು ದುರಸ್ತಿ ದಿನಚರಿ

ಕೋಣೆಯ ಉಷ್ಣತೆ, ತೇವಾಂಶ, ಬ್ಯಾಟರಿ ವೋಲ್ಟೇಜ್. ಈ ಮೂರನ್ನು 10 ಸೆಕೆಂಡಿಗೊಮ್ಮೆ ಬರೆದಿಡುವ ಪುಟ್ಟ ಪೆಟ್ಟಿಗೆಯೊಂದನ್ನು ಮಾಡಿದ್ದೆ. ಚೆನ್ನಾಗೇ ಓಡುತ್ತಿತ್ತು. 47ನೇ ದಿನ ಕೈಕೊಟ್ಟಿತು. ಅಲ್ಲಿಂದ ಮುಂದೆ ಏನೇನಾಯಿತು ಅಂತ ಬರೆದಿಟ್ಟುಕೊಂಡಿದ್ದೆ, ಅದನ್ನೇ ಇಲ್ಲಿ ಹಾಕುತ್ತಿದ್ದೇನೆ.

ಒಳಗಿರುವುದು ಇಷ್ಟು: ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಬೋರ್ಡ್ (ಎಲ್ಲರೂ ಬ್ಲೂ ಪಿಲ್ ಅನ್ನುವುದು), ಡಬ್ಲ್ಯೂ25ಕ್ಯೂ32 ಫ್ಲ್ಯಾಶ್ ಚಿಪ್ (ಕರೆಂಟ್ ಹೋದರೂ ಬರೆದದ್ದು ಉಳಿಯುವ ಮೆಮೊರಿ), ಒಂದು ಆರ್‌ಟಿಸಿ (ಸಮಯ ಹೇಳುವ ಗಡಿಯಾರ), ಒಂದು ಸೆನ್ಸರ್, ಒಂದು ಲಿಥಿಯಂ ಸೆಲ್. ಚಿಪ್‌ನ ಜಾಗ 4 ಎಂಬಿ. ಅದನ್ನು ಒಮ್ಮೆಗೆ 256 ಬೈಟ್‌ನ ಪೇಜ್ ಲೆಕ್ಕದಲ್ಲಿ ಬರೆಯಬಹುದು, ಆದರೆ ಅಳಿಸಬೇಕಾದರೆ ಕನಿಷ್ಠ 4 ಕೆಬಿಯ ಇಡೀ ಸೆಕ್ಟರ್ ಅಳಿಸಬೇಕು. ಬರೆಯುವಾಗ 1 ಇದ್ದದ್ದು 0 ಆಗಬಹುದು, 0 ಇದ್ದದ್ದು 1 ಆಗಬೇಕಾದರೆ ಅಳಿಸಲೇಬೇಕು. ಒಂದೊಂದು ಸೆಕ್ಟರ್‌ಗೆ ಡೇಟಾಶೀಟ್ (ತಯಾರಕರ ವಿವರಪತ್ರ) ಕೊಡುವ ಭರವಸೆ 1 ಲಕ್ಷ ಸಲ ಅಳಿಸಿ ಬರೆಯುವುದು. ಇಷ್ಟು ಥಿಯರಿ ಸಾಕು.

ದಿನ 47: ಗಡಿಯಾರ ಹಿಂದಕ್ಕೆ ಓಡಿತು

ಡೇಟಾ ಇಳಿಸಿ ನೋಡಿದರೆ ಕೊನೆಯ 64 ದಾಖಲೆ ಪೂರ್ತಿ ಗೋಜಲು. ಬಹುಪಾಲು ಸೊನ್ನೆ, ಅಲ್ಲಲ್ಲಿ ಒಂದೆರಡು ಬಿಟ್. ಅದರ ಆಚೆಗೆ ಹಳೇ ಸುತ್ತಿನ ಡೇಟಾ ಹಾಗೇ ಇದೆ. ಮೊದಲು ಸೆನ್ಸರ್ ಮೇಲೆ ಅನುಮಾನ ಬಂತು. ಆಮೇಲೆ ಬೆಸುಗೆ ಮೇಲೆ. ಎರಡೂ ತಪ್ಪು. ಅರ್ಧ ದಿನ ಅಲ್ಲೇ ಹೋಯಿತು.

ಕೊನೆಗೆ ಸೆಕ್ಟರ್ 0 ಓದಿದೆ. ಮುಂದಿನ ದಾಖಲೆ ಎಲ್ಲಿ ಬರೆಯಬೇಕು ಅನ್ನುವ ಗುರುತು, ಅಂದರೆ 4 ಬೈಟ್‌ನ ವಿಳಾಸ, ಅಲ್ಲಿರುತ್ತದೆ. ಬೋರ್ಡ್ ಪ್ರತಿ ಸಲ ನಿದ್ದೆಯಿಂದ ಎದ್ದು ಅದನ್ನು ಓದುತ್ತದೆ, ದಾಖಲೆ ಬರೆಯುತ್ತದೆ, ಸೆಕ್ಟರ್ 0 ಅಳಿಸುತ್ತದೆ, ಹೊಸ ವಿಳಾಸ ಬರೆದು ಮತ್ತೆ ಮಲಗುತ್ತದೆ. ಬರೆದದ್ದು ನಾನೇ. ಬರೆದ ದಿನ ಇದು ಬಹಳ ಸರಳ, ಬಹಳ ಚಂದ ಅನ್ನಿಸಿತ್ತು.

ಈಗ ಅಳಿಸಿ ಓದಿದರೆ 4096 ಬೈಟ್‌ಗಳೂ ಎಫ್‌ಎಫ್ (ಹೆಕ್ಸ್, ಅಂದರೆ 16ರ ಆಧಾರದ ಲೆಕ್ಕದಲ್ಲಿ ಎಂಟೂ ಬಿಟ್ 1) ಬರಬೇಕು. ಮೂರು ಬೈಟ್ ಬರಲಿಲ್ಲ. ಅದರಲ್ಲಿ ಒಂದು ನನ್ನ ಗುರುತಿನ ಒಳಗೇ ಇದೆ: ಎಫ್‌ಬಿ. ಒಂದೇ ಒಂದು ಬಿಟ್ 0ಗೆ ಅಂಟಿಕೊಂಡಿದೆ, ಎಷ್ಟು ಅಳಿಸಿದರೂ ಮೇಲೇಳುತ್ತಿಲ್ಲ. ಹಾಗಾಗಿ 0ಎ4ಸಿ00 ಅಂತ ಬರೆದರೆ ಓದುವಾಗ 0ಎ4800 ಬರುತ್ತದೆ. ಸರಿಯಾಗಿ 1024 ಬೈಟ್ ಹಿಂದೆ, 16 ಬೈಟ್ ಲೆಕ್ಕದಲ್ಲಿ 64 ದಾಖಲೆ. ಅಲ್ಲಿಂದ ಮತ್ತೆ ಬರೆಯುತ್ತಾ 4ಸಿ00 ತಲುಪುವುದು, ಮತ್ತೆ 4800ಕ್ಕೆ ಬೀಳುವುದು. ಬರೆದದ್ದರ ಮೇಲೇ ಬರೆದರೆ 1ಗಳು ಒಂದೊಂದಾಗಿ ಸಾಯುತ್ತವೆ, ಅಲ್ವಾ? ಗಂಟೆಗಟ್ಟಲೆ ಹೀಗೇ ಸುತ್ತಿ ಸುತ್ತಿ ಆ 64 ದಾಖಲೆ ಸೊನ್ನೆಯಾಗಿದ್ದವು.

ಲೆಕ್ಕ ಆಗಲೇ ಹಾಕಬೇಕಿತ್ತು. ದಿನಕ್ಕೆ 8640 ದಾಖಲೆ, ಅಂದರೆ ಸೆಕ್ಟರ್ 0ಕ್ಕೆ ದಿನಕ್ಕೆ 8640 ಅಳಿಸುವಿಕೆ. 1 ಲಕ್ಷ ಮುಗಿಯುವುದು ಹನ್ನೆರಡನೇ ದಿನಕ್ಕೆ. ಪಾಪ, ಚಿಪ್ 47 ದಿನ ತಡೆದುಕೊಂಡಿತ್ತು, ಸರಿಸುಮಾರು 4 ಲಕ್ಷ ಸಲ. ತಪ್ಪು ಅದರದ್ದಲ್ಲ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಳಿಸುವ ಆಜ್ಞೆ ಕೊಟ್ಟಾಗಿನಿಂದ ಸ್ಟೇಟಸ್ ರಿಜಿಸ್ಟರ್‌ನ ಬ್ಯುಸಿ ಬಿಟ್ (ಚಿಪ್ ಇನ್ನೂ ಕೆಲಸದಲ್ಲಿದೆ ಅನ್ನುವ ಸೂಚನೆ) ಇಳಿಯುವ ತನಕ ಎಷ್ಟು ಹೊತ್ತು ಅಂತ ಅಳೆದೆ. ಬೇರೆ ಸೆಕ್ಟರ್‌ಗಳಲ್ಲಿ 48 ಮಿಲಿಸೆಕೆಂಡ್ ಆಸುಪಾಸು. ಸೆಕ್ಟರ್ 0ದಲ್ಲಿ 380. ಸವೆದ ಸೆಕ್ಟರ್ ಅಳಿಯಲು ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ಈ ಒಂದು ಅಂಕಿ ಮೊದಲಿನಿಂದ ದಾಖಲಿಸಿಟ್ಟಿದ್ದರೆ ವಾರಗಳ ಮುಂಚೆಯೇ ಗೊತ್ತಾಗುತ್ತಿತ್ತು.

ದಿನ 48: ಚಿಪ್ ಬದಲಿಸಿದ್ದು

ಒಂದು ಸೆಕ್ಟರ್ ಮಾತ್ರ ಸತ್ತಿತ್ತು, ಅದನ್ನು ಬಿಟ್ಟು ಉಳಿದದ್ದು ಬಳಸಬಹುದಿತ್ತು. ಆದರೂ ಹಳೇ ಚಿಪ್ ಪ್ರಯೋಗಕ್ಕೆ ಇರಲಿ ಅಂತ ತೆಗೆದೆ. ಫ್ಲಕ್ಸ್ ಹಾಕಿ, ಎರಡೂ ಕಡೆ ಕಾಲುಗಳ ಮೇಲೆ ದಪ್ಪಗೆ ಸೀಸ ತುಂಬಿ, ಎರಡು ಕಡೆ ಬದಲಾಯಿಸಿ ಬದಲಾಯಿಸಿ ಬಿಸಿ ಮಾಡಿದರೆ ಎದ್ದು ಬರುತ್ತದೆ. ಉಳಿದ ಸೀಸ ವಿಕ್‌ನಿಂದ (ಸೀಸ ಹೀರುವ ತಾಮ್ರದ ಜಡೆ) ಒರೆಸಿದೆ. ಪ್ಯಾಡ್ ಯಾವುದೂ ಕಿತ್ತು ಬರಲಿಲ್ಲ.

ಇಲ್ಲಿ ಒಂದು ಪೆದ್ದುತನ. 8 ಕಾಲಿನ ಈ ಚಿಪ್ ಎರಡು ಅಗಲದಲ್ಲಿ ಬರುತ್ತದೆ, 150 ಮಿಲ್ ಮತ್ತು 208 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್). ನನ್ನ ಪಿಸಿಬಿ ಅಗಲದ್ದಕ್ಕೆ ಮಾಡಿದ್ದು, ತರಿಸಿದ್ದು ಕಿರಿದು. ಒಂದು ಸಾಲು ಕಾಲು ಪ್ಯಾಡ್ ಮೇಲೆ ಕೂತರೆ ಇನ್ನೊಂದು ಸಾಲು ಗಾಳಿಯಲ್ಲಿ. ವಾಪಸ್ ಕಳಿಸಿ ಕಾಯುವ ತಾಳ್ಮೆ ಇರಲಿಲ್ಲ. ಆ ನಾಲ್ಕು ಕಾಲಿಗೆ ತೆಳು ತಂತಿ ಎಳೆದು ಬೆಸೆದೆ. ನೋಡಲು ಅಸಹ್ಯ, ಕೆಲಸ ಮಾಡುತ್ತದೆ. ಚಿಪ್‌ನ ಐಡಿ ಓದಿದರೆ ಈ ಮಾದರಿಯ ಇಎಫ್ 40 16 ಬಂತು, ಸರಿ.

ಅದೇ ಕೈಯಲ್ಲಿ ಡಬ್ಲ್ಯೂಪಿ (ಬರೆಯುವುದನ್ನು ತಡೆಯುವ) ಮತ್ತು ಹೋಲ್ಡ್ (ಚಿಪ್ ಅನ್ನು ತಡೆಹಿಡಿಯುವ) ಕಾಲುಗಳಿಗೆ 10 ಕಿಲೋಓಮ್ ಪುಲ್ಅಪ್ (ಕಾಲನ್ನು 1ರಲ್ಲಿ ಹಿಡಿದಿಡುವ ರೆಸಿಸ್ಟರ್) ಹಾಕಿದೆ. ಮೊದಲು ಯಾವುದಕ್ಕೂ ಜೋಡಿಸದೆ ಸುಮ್ನೆ ತೇಲುವಂತೆ ಬಿಟ್ಟಿದ್ದೆ. ವಿದ್ಯುತ್ ಕಾಲಿನ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂಡ.

ದಿನ 49: ಮೊದಲ ಉಪಾಯ, ಅರ್ಧ ಸರಿ

ಗುರುತನ್ನು ಪ್ರತಿ ಸಲ ಅಳಿಸುವುದು ಯಾಕೆ? 4 ಕೆಬಿ ಸೆಕ್ಟರ್‌ನಲ್ಲಿ 4 ಬೈಟ್‌ನ 1024 ಮನೆಗಳಿವೆ. ಹೊಸ ಗುರುತನ್ನು ಪಕ್ಕದ ಖಾಲಿ ಮನೆಯಲ್ಲಿ ಬರೆಯುತ್ತಾ ಹೋಗುವುದು, 1024 ತುಂಬಿದ ಮೇಲೆ ಒಂದು ಸಲ ಅಳಿಸುವುದು. ಓದುವಾಗ ಎಫ್‌ಎಫ್ ಅಲ್ಲದ ಕೊನೆಯ ಮನೆ ಹುಡುಕಿದರಾಯಿತು.

ಹತ್ತು ಸಾಲಿನ ಬದಲಾವಣೆ. ದಿನಕ್ಕೆ 8640 ಅಳಿಸುವಿಕೆ ಇದ್ದದ್ದು 8.4ಕ್ಕೆ ಇಳಿಯಿತು. 1 ಲಕ್ಷ ತಲುಪಲು 32 ವರ್ಷ. ಸವೆತದ ಮಟ್ಟಿಗೆ ಹೇಳುವುದಾದರೆ ಕೆಲಸ ಇಲ್ಲಿಗೇ ಮುಗಿಯಿತು. ಯಾರಿಗಾದರೂ ಇಷ್ಟೇ ಸಾಕಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ನನಗೆ ಸಾಕಾಗಲಿಲ್ಲ. ಸಂಜೆ ಬ್ಯಾಟರಿ ಬದಲಿಸಲು ಹೋದಾಗ ಇನ್ನೊಂದು ಹುಳುಕು ಹೊರಬಿತ್ತು. ಸೆಕ್ಟರ್ ಅಳಿಸಿ ಆಗಿದೆ, ಮೊದಲ ಮನೆ ಇನ್ನೂ ಬರೆದಿಲ್ಲ. ಆ ಕ್ಷಣದಲ್ಲಿ ಕರೆಂಟ್ ಹೋದರೆ? ಗುರುತೇ ಇಲ್ಲ. ಪೆಟ್ಟಿಗೆ ಎದ್ದಾಗ ಚಿಪ್ ಖಾಲಿ ಅಂದುಕೊಂಡು ಮೊದಲಿನಿಂದ ಶುರು ಮಾಡಿತು. ಸುಮಾರು ಒಂದು ದಿನದ ಡೇಟಾ ಅಲ್ಲೇ ಇತ್ತು, ದಾರಿ ತೋರಿಸುವವರಿಲ್ಲ.

ದಿನ 51: ಗುರುತೇ ಬೇಡ

ದಾಖಲೆಗೇ ಕ್ರಮಸಂಖ್ಯೆ ಹಾಕಿದರೆ ಗುರುತು ಪ್ರತ್ಯೇಕವಾಗಿ ಯಾಕೆ ಬೇಕು? ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಎಲ್ಲಿದೆಯೋ ಅದರ ಮುಂದಿನದೇ ಬರೆಯುವ ಜಾಗ. ಚಿಪ್ ಪೂರ್ತಿ ಒಂದು ಬಳೆ ಇದ್ದಂತೆ: ಕೊನೆ ಸೆಕ್ಟರ್ ತುಂಬಿದ ಮೇಲೆ ಮತ್ತೆ ಮೊದಲನೆಯದು. ಹೊಸ ಸೆಕ್ಟರ್‌ಗೆ ಕಾಲಿಡುವಾಗ ಮಾತ್ರ ಅದನ್ನು ಅಳಿಸುವುದು. ಸವೆತ ತಾನಾಗಿಯೇ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಹಳೇ ದಾಖಲೆ 16 ಬೈಟ್ ಇತ್ತು. ಸಮಯ 4, ಮೂರು ಫ್ಲೋಟ್‌ಗಳು (ದಶಮಾಂಶ ಸಂಖ್ಯೆಗಳು) ತಲಾ 4. ಮುಂದೆ 4 ಬೈಟ್ ಕ್ರಮಸಂಖ್ಯೆ ಅಂಟಿಸಿದೆ, 20 ಆಯಿತು. ಓಡಿಸಿದೆ.

ಹದಿಮೂರನೇ ದಾಖಲೆಯಲ್ಲಿ ಬ್ಯಾಟರಿ ವೋಲ್ಟೇಜ್ "ನ್ಯಾನ್" ಅಂತ ಬಂತು. ಅಂಕಿಯೇ ಅಲ್ಲ ಅನ್ನುವ ಅರ್ಥ. ಮೊದಲನೇ ದಾಖಲೆಯ ಕ್ರಮಸಂಖ್ಯೆ 1 ಇರಬೇಕಾದ್ದು 0.

ಲಾಜಿಕ್ ಅನಲೈಸರ್ (ತಂತಿಯ ಮೇಲೆ ಹೋಗುವ ಬಿಟ್‌ಗಳನ್ನು ತೋರಿಸುವ ಉಪಕರಣ) ಹಾಕಿ ನೋಡಿದರೆ ನಾನು ಕಳಿಸುವುದೆಲ್ಲ ಸರಿಯಾಗೇ ಇದೆ. ಡೇಟಾಶೀಟ್‌ನಲ್ಲಿ ಪೇಜ್ ಬರೆಯುವ ಆಜ್ಞೆಯ ಪ್ಯಾರಾ ಎರಡನೇ ಸಲ ಓದಿದಾಗ ಹಣೆ ಚಚ್ಚಿಕೊಂಡೆ. 256 ಬೈಟ್‌ನ ಅಂಚು ದಾಟಿದರೆ ಚಿಪ್ ಮುಂದಿನ ಪೇಜ್‌ಗೆ ಹೋಗುವುದಿಲ್ಲ, ಅದೇ ಪೇಜ್‌ನ ತಲೆಗೆ ವಾಪಸ್ ಸುತ್ತಿಕೊಳ್ಳುತ್ತದೆ. 12 ದಾಖಲೆಗೆ 240 ಬೈಟ್. ಹದಿಮೂರನೆಯದರ 16 ಬೈಟ್ ಹಿಡಿಸಿತು, ಉಳಿದ 4 ಬೈಟ್, ಅಂದರೆ ಬ್ಯಾಟರಿಯ 3.9, ಪೇಜ್‌ನ ತಲೆಯಲ್ಲಿದ್ದ ಮೊದಲ ಕ್ರಮಸಂಖ್ಯೆಯ ಮೇಲೆ ಬಿತ್ತು. 3.9 ಅನ್ನುವ ಫ್ಲೋಟ್‌ನ ಕೊನೆ ಬೈಟ್ 9ಎ, ಅಲ್ಲಿದ್ದದ್ದು 01. ಎರಡರಲ್ಲೂ 1 ಇರುವ ಬಿಟ್ ಒಂದೂ ಇಲ್ಲ, ಉಳಿದದ್ದು 00. ಇತ್ತ ವೋಲ್ಟೇಜ್ ಇರಬೇಕಾದ ಜಾಗ ಬರೆಯದೇ ಎಫ್‌ಎಫ್ ಆಗಿಯೇ ಉಳಿದು ನ್ಯಾನ್ ಆಯಿತು.

ಫ್ಲೋಟ್ ಬೇಕಾಗಿಯೇ ಇರಲಿಲ್ಲ. ಉಷ್ಣತೆಯನ್ನು ನೂರರಿಂದ ಗುಣಿಸಿ 2 ಬೈಟ್, ತೇವಾಂಶ ಹಾಗೇ 2 ಬೈಟ್, ಬ್ಯಾಟರಿ ಮಿಲಿವೋಲ್ಟ್‌ನಲ್ಲಿ 2 ಬೈಟ್. ಕ್ರಮಸಂಖ್ಯೆ 4, ಸಮಯ 4, ಕೊನೆಗೆ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಅಂತ ಪರೀಕ್ಷಿಸುವ ಸಂಖ್ಯೆ) 2. ಮತ್ತೆ ಸರಿಯಾಗಿ 16. ಪೇಜ್‌ಗೆ 16 ದಾಖಲೆ, ಯಾವುದೂ ಅಂಚು ದಾಟುವುದಿಲ್ಲ. ಸೆಕ್ಟರ್‌ನಲ್ಲಿ 256 ಮನೆ, ಮೊದಲನೆಯದು ಹೆಡರ್‌ಗೆ (ಆ ಸೆಕ್ಟರ್‌ನ ವಿವರ), ಉಳಿದ 255 ದಾಖಲೆಗೆ.

ಎದ್ದ ಕೂಡಲೇ ದೊಡ್ಡ ಸಂಖ್ಯೆ ಹುಡುಕಲು ಮೊದಲು ಇಡೀ ಚಿಪ್ ಓದುತ್ತಿದ್ದೆ. 8 ಮೆಗಾಹರ್ಟ್ಸ್ ಎಸ್‌ಪಿಐನಲ್ಲಿ (ಬೋರ್ಡ್ ಮತ್ತು ಚಿಪ್ ಮಾತಾಡುವ ದಾರಿ) 4 ಸೆಕೆಂಡ್ ದಾಟುತ್ತಿತ್ತು. ಹೆಡರ್‌ಗಳನ್ನು ಮಾತ್ರ ಓದಿ, ಹೊಸ ಸೆಕ್ಟರ್ ಗೊತ್ತಾದ ಮೇಲೆ ಅದರೊಳಗೆ ಹುಡುಕುವಂತೆ ಮಾಡಿದೆ. 30 ಮಿಲಿಸೆಕೆಂಡ್‌ನಲ್ಲಿ ಮುಗಿಯುತ್ತದೆ.

ದಿನ 52: ಸೊನ್ನೆಯೆಲ್ಲ ಸರಿ ಅಂದ ಸಿಆರ್‌ಸಿ

ಬೆಳಗ್ಗೆ ಓದಿದರೆ ಎಲ್ಲ ದಾಖಲೆಗಳೂ ಸೊನ್ನೆ. ಸಿಆರ್‌ಸಿ ಪರೀಕ್ಷೆ ಮಾತ್ರ ಪಾಸ್! ಮೊನ್ನೆ ಎಳೆದ ತೆಳು ತಂತಿಗಳಲ್ಲಿ ಒಂದು ಬಿಟ್ಟುಹೋಗಿತ್ತು. ಚಿಪ್ ಉತ್ತರವನ್ನೇ ಕೊಡುತ್ತಿಲ್ಲ, ಬೋರ್ಡ್‌ಗೆ ಎಲ್ಲವೂ 0 ಅಂತ ಕಾಣುತ್ತಿದೆ. ಸಿಆರ್‌ಸಿಯನ್ನು 0ರಿಂದ ಶುರು ಮಾಡಿದ್ದೆ. 14 ಸೊನ್ನೆ ಬೈಟ್‌ಗಳ ಸಿಆರ್‌ಸಿ ಕೂಡ ಆಗ 0. ಶುರುವಿನ ಬೆಲೆಯನ್ನು ಎಫ್‌ಎಫ್‌ಎಫ್‌ಎಫ್ ಮಾಡಿದೆ, ಈಗ ಸೊನ್ನೆಗಳ ಸಾಲು ಫೇಲ್ ಆಗುತ್ತದೆ. ಜೊತೆಗೆ ಎದ್ದ ಕೂಡಲೇ ಐಡಿ ಓದಿ ಇಎಫ್ 40 16 ಬರದಿದ್ದರೆ ಮುಂದೆ ಹೋಗದೆ ಕೆಂಪು ಎಲ್‌ಇಡಿ ಹೊತ್ತಿಸುತ್ತದೆ. ತಂತಿ ಮತ್ತೆ ಬೆಸೆದು ಮೇಲೆ ಒಂದು ಹನಿ ಬಿಸಿ ಅಂಟು ಹಾಕಿದೆ.

ದಿನ 53, 54: ಬೇಕಂತಲೇ ಕರೆಂಟ್ ತೆಗೆಯುವುದು

ಇನ್ನೊಂದು ಬೋರ್ಡ್, ಒಂದು ರಿಲೇ. ಅರ್ಧ ಸೆಕೆಂಡಿನಿಂದ 5 ಸೆಕೆಂಡಿನ ಒಳಗೆ ಯಾವಾಗ ಬೇಕಾದರೂ ಪೆಟ್ಟಿಗೆಯ ಕರೆಂಟ್ ಕಟ್. ಪರೀಕ್ಷೆಗಾಗಿ ದಾಖಲೆಯನ್ನು 20 ಮಿಲಿಸೆಕೆಂಡಿಗೊಂದು ಬರೆಯುವಂತೆ ಮಾಡಿದೆ. ರಾತ್ರಿ 2000 ಸಲ ಕಟ್ ಆಗುವಷ್ಟು ಬಿಟ್ಟು ಮಲಗಿದೆ. ರಿಲೇಯ ಟಿಕ್ ಟಿಕ್ ಸದ್ದಿಗೆ ನಿದ್ದೆ ಬರಲಿಲ್ಲ, ಅದು ಬೇರೆ ಕಥೆ.

ಅರ್ಧಂಬರ್ಧ ಬರೆದ ದಾಖಲೆಗಳನ್ನು ಸಿಆರ್‌ಸಿ ಹಿಡಿಯಿತು. ಅದು ನಿರೀಕ್ಷೆ ಮಾಡಿದ್ದೇ. ತೊಂದರೆ ಕೊಟ್ಟದ್ದು ಅಳಿಸುವ ನಡುವೆ ಬಿದ್ದ ಕಟ್‌ಗಳು. ಅಂಥವು 19 ಸಿಕ್ಕವು. ಅದರಲ್ಲಿ ಮೂರು ಸಲ ಸೆಕ್ಟರ್ ಓದಿದರೆ ಪೂರ್ತಿ ಎಫ್‌ಎಫ್, ಖಾಲಿ ಅಂತಲೇ ಕಾಣುತ್ತದೆ. ನಂಬಿ ದಾಖಲೆ ಬರೆದೆ, ಸ್ವಲ್ಪ ಹೊತ್ತಿಗೆ ಅದೇ ಸೆಕ್ಟರ್‌ನಲ್ಲಿ ಸಿಆರ್‌ಸಿ ತಪ್ಪು. ಅರ್ಧ ಅಳಿದ ಬಿಟ್‌ಗಳು ಗಡಿಯ ಮೇಲೆ ನಿಂತಿರುತ್ತವೆ, ಒಮ್ಮೆ 1 ಅನ್ನುತ್ತವೆ, ಇನ್ನೊಮ್ಮೆ 0. ಎಫ್‌ಎಫ್ ಕಂಡರೆ ಅಳಿದಿದೆ ಅಂತ ನಂಬಬಾರದು ಅನ್ನುವುದು ನನಗೆ ಹೊಸದು.

ಪರಿಹಾರ ಹೆಡರ್‌ನಲ್ಲಿ. ಅಳಿಸಿ ಮುಗಿದು, ಬ್ಯುಸಿ ಬಿಟ್ ಇಳಿದು, 4 ಕೆಬಿ ಓದಿ ಎಫ್‌ಎಫ್ ಇದೆ ಅಂತ ನೋಡಿದ ಮೇಲೆಯೇ ಹೆಡರ್ ಬರೆಯುವುದು. ಎದ್ದಾಗ ಹೆಡರ್ ಇಲ್ಲದ ಸೆಕ್ಟರ್ ಕಂಡರೆ ಅದು ಎಷ್ಟೇ ಶುಭ್ರವಾಗಿ ಕಂಡರೂ ಬಳಸುವ ಮುಂಚೆ ಮತ್ತೆ ಅಳಿಸುವುದು. ಒಂದು ಅಳಿಸುವಿಕೆ ವ್ಯರ್ಥ, ಇರಲಿ. ಎರಡು ಸಲ ಅಳಿಸಿದರೂ ಎಫ್‌ಎಫ್ ಬರದಿದ್ದರೆ ಹೆಡರ್ ಪೂರ್ತಿ 00 ಮಾಡಿ ಆ ಸೆಕ್ಟರ್ ದಾಟಿ ಹೋಗುವುದು. 0 ಬರೆಯಲು ಅಳಿಸಬೇಕಾಗಿಲ್ಲವಲ್ಲ, ಅದು ಅನುಕೂಲ. ಈ ದಾರಿಯನ್ನು ಪರೀಕ್ಷಿಸಲು ಸತ್ತ ಸೆಕ್ಟರ್ ಬೇಕಿತ್ತು. ಹಳೇ ಚಿಪ್ ಇಲ್ಲಿ ಉಪಯೋಗಕ್ಕೆ ಬಂತು.

ಎರಡನೇ ರಾತ್ರಿ ಮತ್ತೆ 2000 ಕಟ್. ಒಂದು ದಾಖಲೆಯೂ ತಪ್ಪು ಓದಲಿಲ್ಲ. ಕಟ್ ಆದ ಕ್ಷಣದ ಒಂದು ದಾಖಲೆ ಹೋಗುತ್ತದೆ, ಅದಕ್ಕೆ ತಕರಾರಿಲ್ಲ.

ದಿನ 56: ಫೈಲ್ ಬೇಕು ಅನ್ನುವ ಆಸೆ

ಸೆನ್ಸರ್ ತಿದ್ದುಪಡಿ ಅಂಕಿಗಳು, ಪೆಟ್ಟಿಗೆಯ ಹೆಸರು, ಇನ್ನೆರಡು ಸೆಟ್ಟಿಂಗ್. ಇವಕ್ಕೆ ಫೈಲ್ ಇದ್ದರೆ ಚೆನ್ನ. ಫ್ಯಾಟ್ (ಮೆಮೊರಿ ಕಾರ್ಡ್‌ಗಳಲ್ಲಿ ಬಳಸುವ ಫೈಲ್ ವ್ಯವಸ್ಥೆ) ಬೇಡ ಅಂತ ಮೊದಲೇ ತೀರ್ಮಾನ. ಅದರ ಟೇಬಲ್ ಒಂದೇ ಜಾಗದಲ್ಲಿ ಕೂತಿರುತ್ತದೆ, ಪ್ರತಿ ಸಲ ಅದನ್ನೇ ತಿದ್ದಬೇಕು. ನನ್ನ ಸೆಕ್ಟರ್ 0 ಕಥೆಯೇ ಮತ್ತೆ. ಎಸ್‌ಡಿ ಕಾರ್ಡ್ ಒಳಗೆ ಈ ಸವೆತ ಹಂಚುವ ಕಂಟ್ರೋಲರ್ ಇರುತ್ತದೆ, ಬರಿಯ ಚಿಪ್‌ನಲ್ಲಿ ಯಾರೂ ಇಲ್ಲ.

ಲಿಟಲ್‌ಎಫ್‌ಎಸ್ ತೆಗೆದುಕೊಂಡೆ. ಕರೆಂಟ್ ಹೋದರೂ ಹಳೆಯದೋ ಹೊಸದೋ ಒಂದು ಸರಿಯಾಗಿ ಉಳಿಯುವಂತೆ ಮಾಡಿದ ಫೈಲ್ ವ್ಯವಸ್ಥೆ. ಬಂತಲ್ಲ, ಡೇಟಾವನ್ನೂ ಇದರಲ್ಲೇ ಹಾಕಿಬಿಡೋಣ, ಆ ಬಳೆಯ ಕೋಡ್ ಎಲ್ಲ ಕಿತ್ತುಹಾಕೋಣ ಅನ್ನಿಸಿತು. ಕೈಯಾರೆ ಬರೆದದ್ದನ್ನು ಕಿತ್ತುಹಾಕುವ ಸುಖವೇ ಬೇರೆ. ಅದೃಷ್ಟಕ್ಕೆ ಈ ಸಲ ಮೊದಲು ಎಣಿಸುವ ಬುದ್ಧಿ ಬಂತು. ಲಿಟಲ್‌ಎಫ್‌ಎಸ್ ಕರೆಯುವ ಅಳಿಸುವ ಫಂಕ್ಷನ್ ನಾವೇ ಬರೆದು ಕೊಡಬೇಕು. ಅದರೊಳಗೆ ಬ್ಲಾಕ್‌ಗೊಂದು (ಇಲ್ಲಿ ಬ್ಲಾಕ್ ಅಂದರೆ ಒಂದು ಸೆಕ್ಟರ್) ಎಣಿಕೆ, ಒಂದೇ ಸಾಲು.

1000 ದಾಖಲೆ, ಪ್ರತಿಯೊಂದರ ನಂತರ ಸಿಂಕ್ (ಬರೆದದ್ದು ಚಿಪ್ ಸೇರಿತು ಅಂತ ಖಾತ್ರಿ ಮಾಡುವುದು). ಎಣಿಕೆ 1050 ದಾಟಿತು. 16 ಬೈಟ್ ಬರೆಯಲು ಒಂದೊಂದು ಬ್ಲಾಕ್ ಅಳಿಸುತ್ತಿದೆ! ಬಗ್ ಇರಬೇಕು ಅಂತ ಕೋಡ್ ಓದಿದೆ. ಬಗ್ ಅಲ್ಲ. ಸಿಂಕ್ ಆದ ಬ್ಲಾಕ್ ಅನ್ನು ಅದು ಮತ್ತೆ ಮುಟ್ಟುವುದಿಲ್ಲ. ಅರ್ಧ ತುಂಬಿದ ಬ್ಲಾಕ್‌ಗೆ ಸೇರಿಸಬೇಕಾದರೆ ಹೊಸ ಬ್ಲಾಕ್ ಅಳಿಸಿ, ಹಳೆಯದನ್ನು ನಕಲು ಮಾಡಿ, ಕೊನೆಗೆ ಸೇರಿಸುತ್ತದೆ. ಕರೆಂಟ್ ಹೋದರೂ ಕೆಡದಿರುವುದಕ್ಕೆ ಕೊಡುವ ಬೆಲೆ ಅದು.

ನನ್ನದೇ ತಪ್ಪುಗಳೂ ಎರಡಿದ್ದವು. ಪೇಜ್ 256 ಬೈಟ್ ಅಂತ ಬರೆಯುವ ಅಳತೆಯನ್ನೂ 256 ಕೊಟ್ಟಿದ್ದೆ. ಆಗ ಪ್ರತಿ ಸಣ್ಣ ಬದಲಾವಣೆಯೂ 256ಕ್ಕೆ ಉಬ್ಬಿ, ಮೆಟಾಡೇಟಾ (ಫೈಲ್‌ಗಳ ಹೆಸರು, ಜಾಗದ ವಿವರ) ಬ್ಲಾಕ್ ಹದಿನಾರೇ ಸಲಕ್ಕೆ ತುಂಬುತ್ತದೆ. ಈ ಚಿಪ್ ಒಂದೊಂದು ಬೈಟ್ ಬೇಕಾದರೂ ಬರೆಯುತ್ತದೆ, 16 ಕೊಟ್ಟೆ. ಇನ್ನೊಂದು, ಬ್ಲಾಕ್ ಸೈಕಲ್ಸ್ ಅನ್ನುವ ಸೆಟ್ಟಿಂಗ್ ಎಲ್ಲಿಂದಲೋ ನಕಲು ಮಾಡಿದಂತೆ -1 ಇತ್ತು. ಅಂದರೆ ಮೆಟಾಡೇಟಾವನ್ನು ಜಾಗ ಬದಲಿಸಬೇಡ ಅಂತ ನಾನೇ ಹೇಳಿದ ಹಾಗೆ. ಎಣಿಕೆಯಲ್ಲಿ ಬ್ಲಾಕ್ 0 ಮತ್ತು 1 ಮಾತ್ರ ಎದ್ದು ಕಾಣುತ್ತಿದ್ದವು. 500 ಕೊಟ್ಟ ಮೇಲೆ ದೀರ್ಘ ಪರೀಕ್ಷೆಯಲ್ಲಿ ಹರಡಿಕೊಂಡವು.

64 ದಾಖಲೆಗಳನ್ನು ರ‍್ಯಾಮ್‌ನಲ್ಲಿ ಕೂಡಿಹಾಕಿ ಒಟ್ಟಿಗೆ ಬರೆದರೆ 1000ಕ್ಕೆ ಅಳಿಸುವಿಕೆ 20ರ ಆಸುಪಾಸಿಗೆ ಬಂತು. ಆದರೆ ಕರೆಂಟ್ ಹೋದರೆ 10 ನಿಮಿಷ 40 ಸೆಕೆಂಡಿನ ಡೇಟಾ ಹೋಗುತ್ತದೆ. ಬಳೆಯಲ್ಲಿ ಅದೇ 1000 ದಾಖಲೆಗೆ 4 ಅಳಿಸುವಿಕೆ, ಹೋಗುವುದು ಒಂದೇ ದಾಖಲೆ. ಕಿತ್ತುಹಾಕುವ ಆಸೆ ಅಲ್ಲಿಗೆ ಬಿಟ್ಟೆ.

ದಿನ 57: ಜಾಗ ಹಂಚಿಕೆ

ಮೊದಲ 960 ಸೆಕ್ಟರ್ ಬಳೆಗೆ, ಕೊನೆಯ 64 ಲಿಟಲ್‌ಎಫ್‌ಎಸ್‌ಗೆ, ಅಂದರೆ 256 ಕೆಬಿ. ಸೆಟ್ಟಿಂಗ್ ಫೈಲ್ ತಿಂಗಳಿಗೆ ನಾಲ್ಕು ಸಲ ಬದಲಾದರೆ ಹೆಚ್ಚು. ಬಳೆಯಲ್ಲಿ 2,44,800 ದಾಖಲೆ ಹಿಡಿಸುತ್ತದೆ, 28 ದಿನಕ್ಕೊಂದು ಸುತ್ತು. ಒಂದು ಸೆಕ್ಟರ್ 28 ದಿನಕ್ಕೆ ಒಂದೇ ಸಲ ಅಳಿಯುತ್ತದೆ. ಹೀಗೆ 1 ಲಕ್ಷ ತಲುಪಲು ಏಳು ಸಾವಿರ ವರ್ಷ ದಾಟಬೇಕು. ಡೇಟಾಶೀಟ್ ಪ್ರಕಾರ ಬರೆದದ್ದು ಉಳಿಯುವುದೇ 20 ವರ್ಷ, ಹಾಗಾಗಿ ಈ ಅಂಕಿಗೆ ನಗುವುದು ಬಿಟ್ಟು ಬೇರೆ ಉಪಯೋಗ ಇಲ್ಲ.

ಹೆಡರ್‌ನಲ್ಲಿ ಆ ಸೆಕ್ಟರ್ ಎಷ್ಟು ಸಲ ಅಳಿದಿದೆ ಅಂತಲೂ ಬರೆಯುತ್ತೇನೆ, ಕೊನೆಯ ಸಲ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತಲೂ. ಅಳಿಸುವಾಗ ಎಣಿಕೆಯೂ ಅಳಿದುಹೋಗುತ್ತದೆ, ಹಾಗಾಗಿ ಮೊದಲು ರ‍್ಯಾಮ್‌ಗೆ ಓದಿಕೊಂಡು ಆಮೇಲೆ ಬರೆಯಬೇಕು. ನಡುವೆ ಕರೆಂಟ್ ಹೋದರೆ ಹಿಂದಿನ ಸೆಕ್ಟರ್‌ನ ಎಣಿಕೆಯನ್ನೇ ತೆಗೆದುಕೊಳ್ಳುತ್ತೇನೆ. ಬಳೆಯಲ್ಲಿ ಅಕ್ಕಪಕ್ಕದವರು ಹೆಚ್ಚುಕಡಿಮೆ ಒಂದೇ ವಯಸ್ಸು.

ಇವತ್ತು

ಹೊಸ ಕೋಡ್ ಹಾಕಿ ಓಡಿಸಿ 69ನೇ ದಿನ. ಹೆಡರ್‌ಗಳನ್ನು ಈಗಷ್ಟೇ ಇಳಿಸಿದೆ. 960ರಲ್ಲಿ 412 ಸೆಕ್ಟರ್‌ನ ಎಣಿಕೆ 3, ಉಳಿದವು 2. ಅಳಿಸುವ ಹೊತ್ತು ಎಲ್ಲ ಕಡೆ 45ರಿಂದ 52 ಮಿಲಿಸೆಕೆಂಡ್. ಕೆಟ್ಟದ್ದು ಅಂತ ಗುರುತಾದ ಸೆಕ್ಟರ್ ಇಲ್ಲ.

ಬಾಕಿ ಇರುವುದು ಒಂದು. ಹೊಸ ಸೆಕ್ಟರ್‌ಗೆ ಹೋಗುವಾಗ ಆ 50 ಮಿಲಿಸೆಕೆಂಡ್ ಬೋರ್ಡ್ ಸುಮ್ನೆ ಎಚ್ಚರವಾಗಿ ಕಾಯುತ್ತಾ ಬ್ಯಾಟರಿ ತಿನ್ನುತ್ತದೆ. ಅಳಿಸಲು ಹೇಳಿ ಮಲಗಿಬಿಟ್ಟು, ಮುಂದಿನ ಸಲ ಎದ್ದಾಗ ಹೆಡರ್ ಬರೆಯುವಂತೆ ಮಾಡಬೇಕು. ಒಂದು ಸಲ ಪ್ರಯತ್ನ ಮಾಡಿದೆ, ಮಲಗುವಾಗ ನಾನೇ ಚಿಪ್‌ನ ವಿದ್ಯುತ್ ಕಟ್ ಮಾಡುತ್ತಿದ್ದೇನೆ ಅನ್ನುವುದು ಮರೆತಿತ್ತು.